ಮಾವನ ಹೊಟ್ಟೆಯೊಳಗಿನ ಪೈಪೂ, ಮೂರು ವರ್ಷದ ರೂಲೂ

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ, ರಿಲೀಸು, ಸೋಮಾರಿತನ ಎಲ್ಲಾ ಕಾರಣಗಳೂ ಇದ್ದವು. ಇವತ್ತು ಬರೆಯುತ್ತಿರೋದು ಸಿಟ್ಟಿಗೆ. ಸಿಟ್ಟು ಯಾರ ಮೇಲೆ ಅಂತ ಕೇಳಿದರೆ, ಆಸ್ಪತ್ರೆಗಳ ಮೇಲೆ, ಒಂದು ಸರ್ಕಾರಿ ನಿಯಮದ ಮೇಲೆ, ಕನ್ನಡದ ಹೆಸರಲ್ಲಿ ದಿನಾ ಜಗಳ ಆಡೋ ನಮ್ಮಂಥವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ 2018ರಲ್ಲಿ ಇಪ್ಪತ್ತೊಂದು ವರ್ಷದವನಾಗಿದ್ದ ನನ್ನ ಮೇಲೆ. ಉದ್ದ ಇದೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

2024ರ ಶ್ರಾವಣದಲ್ಲಿ ಒಂದು ಬೆಳಗ್ಗೆ ಅತ್ತೆ ಫೋನ್ ಮಾಡಿದರು. ಹಾಸನ ಜಿಲ್ಲೆಯ ಒಂದು ಹಳ್ಳಿ ನಮ್ಮ ಸೋದರಮಾವನ ಊರು. "ನಿಮ್ಮಾವ ರಾತ್ರಿ ರಕ್ತ ಕಾರ್ಕಂಡ್ರು ಕಣಪ್ಪ, ಈಗ ನಿಂತೈತೆ, ಡಾಕ್ಟ್ರು ಅಸಿಡಿಟಿ ಅಂದ್ರು." ನಾನು ಸ್ಟ್ಯಾಂಡಪ್ ಮೀಟಿಂಗಿನಲ್ಲಿದ್ದೆ. "ಖಾರ ಕಮ್ಮಿ ಮಾಡಕ್ಕೆ ಹೇಳಿ ಅತ್ತೆ" ಅಂದೆ. ಹೌದು, ಹಾಗೇ ಅಂದೆ.

ಊರವರು ಇನ್ನೂ ಜಾಣರು. ಒಬ್ಬರು ಉಷ್ಣ ಅಂದರು, ಇನ್ನೊಬ್ಬರು ಮಾವನ ಬೀಡಿ ಬಿಡಿಸಬೇಕು ಅಂದರು (ಅದೇನೋ ಸರಿ, ಆಮೇಲೆ ಹೇಳ್ತೀನಿ). ಪಕ್ಕದ ಪಟ್ಟಣದ ಒಂದು ಆಸ್ಪತ್ರೆಗೆ ಸೇರಿಸಿದರು. ಬಾಯಿಂದ ಪೈಪು ಬಿಟ್ಟು ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯಲ್ಲಿ ಸ್ವಲ್ಪ ಕೆಂಪಾಗಿದೆ, ಹುಣ್ಣೇನೂ ಕಾಣಲಿಲ್ಲ ಅಂತ ರಿಪೋರ್ಟ್ ಬಂತು. ಎರಡು ಬಾಟಲಿ ರಕ್ತ ಹಾಕಿ, ಮಾತ್ರೆ ಕೊಟ್ಟು, ಮೂರನೇ ದಿನ ಮನೆಗೆ ಕಳಿಸಿದರು. ಮಾವ ಖುಷಿಯಾಗಿ ಮುದ್ದೆ ಉಂಡರು. ಆರನೇ ದಿನ ಬೆಳಗಿನ ಜಾವ ಮತ್ತೆ ಶುರುವಾಯಿತು. ಈ ಸಲ ಪಾತ್ರೆ ಹಿಡಿಯೋಷ್ಟೂ ಪುರಸೊತ್ತು ಸಿಗಲಿಲ್ಲವಂತೆ. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ತಂದರು.

ಆಸ್ಪತ್ರೆಗಳ ಹೆಸರು ಬರೆಯಲ್ಲ. ಕಾಮೆಂಟಿನಲ್ಲಿ ಕೇಳಬೇಡಿ, ಹೇಳಲ್ಲ. ಇದು ಒಂದು ಆಸ್ಪತ್ರೆಯ ಕತೆ ಅಲ್ಲ.

ಇಲ್ಲಿಯ ಎಮರ್ಜೆನ್ಸಿಯಲ್ಲಿ ನನ್ನದೇ ವಯಸ್ಸಿನ ಒಬ್ಬ ಡ್ಯೂಟಿ ಡಾಕ್ಟರ್ ಇದ್ದರು. ಎಲ್ಲರೂ ಮಾವನ ಬಾಯಿ ನೋಡ್ತಿದ್ದರೆ ಆಯಮ್ಮ ಪಂಚೆ ಸರಿಸಿ ಹೊಟ್ಟೆ ನೋಡಿದರು. ಎದೆಗೂಡಿನ ಕೆಳಗಿಂದ ಹೊಕ್ಕುಳ ಬಳಸಿ ಕೆಳಗಿನವರೆಗೂ ಉದ್ದಕ್ಕೆ ಗಾಯದ ಗುರುತು. "ಇದು ಯಾವ ಆಪರೇಷನ್?" ಅಂತ ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. "ಹೊಟ್ಟೆ ಆಪ್ರೇಸನ್ನು, ಆರು ವರ್ಸ ಆಯ್ತು... ಹರ್ನಿಯಾ ಇರ್ಬೇಕು" ಅಂದರು ಅತ್ತೆ. ಹರ್ನಿಯಾಗೆ ಇಷ್ಟು ಉದ್ದ ಕೊಯ್ಯಲ್ಲಮ್ಮ ಅಂದರು ಡಾಕ್ಟರು.

ಆಪರೇಷನ್ ಆಗಿದ್ದು 2018ರಲ್ಲಿ, ಬೆಂಗಳೂರಿನದೇ ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿಗೆ ಫೋನ್ ಮಾಡಿದೆ. ಮೂರು ಕಡೆ ಲೈನ್ ವರ್ಗಾಯಿಸಿ ಕೊನೆಗೆ ರೆಕಾರ್ಡ್ ಸೆಕ್ಷನ್ನಿನವರು ಸಿಕ್ಕರು. "ಮೂರು ವರ್ಷಕ್ಕಿಂತ ಹಳೇದು ಇಟ್ಕೊಳ್ಳಲ್ಲ ಸಾರ್." ಅಷ್ಟೇ. ಧ್ವನಿಯಲ್ಲಿ ಕೋಪ ಇರಲಿಲ್ಲ, ಬೇಜಾರೂ ಇರಲಿಲ್ಲ. ಬಸ್ಸು ಹೋಯ್ತು ಅಂತ ಹೇಳೋ ಥರ ಹೇಳಿದರು.

ಕಾಗದ ಸಿಕ್ಕಿದ್ದು ಊರಿನ ಮನೆಯ ನಾಗಂದಿಗೆ ಮೇಲೆ. ಮಾವನ ಮಗಳು ಏಣಿ ಹಾಕಿ ಹತ್ತಿ, ತಗಡಿನ ಟ್ರಂಕಿನಲ್ಲಿ ಪಹಣಿ, ಹಳೇ ಕರೆಂಟ್ ಬಿಲ್ಲುಗಳ ಮಧ್ಯೆ ಹುಡುಕಿ, ಎರಡನೇ ಹಾಳೆಯ ಫೋಟೋ ತೆಗೆದು ವಾಟ್ಸಾಪ್ ಮಾಡಿದಳು. ಮೊದಲನೇ ಹಾಳೆ ಇರಲೇ ಇಲ್ಲ. ಆ ಹಾಳೆಯಲ್ಲಿದ್ದ ಒಂದು ಸಾಲು: ಇನ್ಫ್ರಾರೀನಲ್ ಎಎಎ ರಿಪೇರ್, ಏಯಾರ್ಟೋ-ಬೈ-ಇಲಿಯಾಕ್ ಡೇಕ್ರಾನ್ ಗ್ರಾಫ್ಟ್. ಡಾಕ್ಟರು ನನ್ನ ಫೋನು ಕಿತ್ಕೊಂಡು ಓಡಿದರು. ಅದುವರೆಗೂ ಮತ್ತೊಂದು ಸಲ ಎಂಡೋಸ್ಕೋಪಿಗೆ ಕಳಿಸೋ ಮಾತು ನಡೀತಿತ್ತು. ಆಮೇಲೆ ಅರ್ಧ ಗಂಟೆಯಲ್ಲಿ ಸಿಟಿ ಆಂಜಿಯೋ, ಅಲ್ಲಿಂದ ನೇರ ಆಪರೇಷನ್ ಥಿಯೇಟರ್.

ಈಗ ಸ್ವಲ್ಪ ಪಾಠ. ಗೊತ್ತಿರೋರು ಎರಡು ಪ್ಯಾರಾ ಬಿಟ್ಟು ಓದಿ.

ಹೃದಯದಿಂದ ಹೊರಟ ಮಹಾಪಧಮನಿ, ಅದೇ ಏಯಾರ್ಟಾ, ಬೆನ್ನುಮೂಳೆಯ ಮುಂದುಗಡೆಯೇ ಕೆಳಗಿಳಿದು ಹೊಕ್ಕುಳ ಮಟ್ಟದಲ್ಲಿ ಎರಡು ಕಾಲಿಗೆ ಕವಲೊಡೆಯುತ್ತೆ. ಕೆಲವರಲ್ಲಿ, ಅದರಲ್ಲೂ ವಯಸ್ಸಾದ ಬೀಡಿ ಸಿಗರೇಟು ಸೇದೋ ಗಂಡಸರಲ್ಲಿ, ಅದು ಸೈಕಲ್ ಟ್ಯೂಬಿನ ಥರ ಒಂದು ಕಡೆ ಉಬ್ಬಿಕೊಳ್ಳುತ್ತೆ. ಒಡೆದರೆ ಮುಗೀತು. ಐನ್‌ಸ್ಟೈನ್ 1955ರಲ್ಲಿ ಸತ್ತಿದ್ದು ಹೀಗೆ ಒಡೆದೇ. ಅದಕ್ಕೂ ಮುಂಚೆ 1948ರಲ್ಲಿ ಅವರ ಉಬ್ಬಿಗೆ ಸೆಲೋಫೇನ್ ಸುತ್ತಿದ್ದರು, ಆಗ ಅಷ್ಟೇ ಗೊತ್ತಿದ್ದಿದ್ದು! 1951ರಲ್ಲಿ ಪ್ಯಾರಿಸ್ಸಿನ ಷಾರ್ಲ್ ದುಬೋಸ್ತ್ ಉಬ್ಬಿದ ಭಾಗ ಕತ್ತರಿಸಿ ಸತ್ತವರ ರಕ್ತನಾಳ ಹಾಕಿದರು. ಆಮೇಲೆ ಅಮೆರಿಕದ ಮೈಕೆಲ್ ಡಿಬೇಕಿ ಡೇಕ್ರಾನ್, ಅಂದರೆ ನಮ್ಮ ಪಾಲಿಯೆಸ್ಟರ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಮಿಷನ್ನಿನಲ್ಲಿ ಕೊಳವೆ ಹೊಲಿದರು. ಅಂಗಡಿಯಲ್ಲಿ ನೈಲಾನ್ ಮುಗಿದಿದ್ದಕ್ಕೆ ಡೇಕ್ರಾನ್ ತಗೊಂಡೆ ಅಂತ ಅವರೇ ಹೇಳಿಕೊಂಡಿದ್ದರು. ಮಾವನ ಹೊಟ್ಟೆಯಲ್ಲಿ 2018ರಲ್ಲಿ ಹಾಕಿದ್ದು ಆ ವಂಶದ್ದೇ ಪೈಪು.

ಈ ಪೈಪಿನ ಮುಂದೆ ಅಡ್ಡಲಾಗಿ ಮಲಗಿರುತ್ತೆ ಸಣ್ಣ ಕರುಳಿನ ಮೊದಲ ಭಾಗ, ಡುವೋಡಿನಮ್. ಅದರ ಮೂರನೇ ತುಂಡು ಸರಿಯಾಗಿ ಏಯಾರ್ಟಾ ಮೇಲೇ ಹಾದುಹೋಗುತ್ತೆ. ನಿಮಿಷಕ್ಕೆ ಎಪ್ಪತ್ತು ಸಲ ಅಂತ ಲೆಕ್ಕ ಹಾಕಿ, ದಿನಕ್ಕೆ ಒಂದು ಲಕ್ಷ ಬಡಿತ. ಆರು ವರ್ಷಕ್ಕೆ ಇಪ್ಪತ್ತೆರಡು ಕೋಟಿ. ಬಟ್ಟೆಯ ಪೈಪು ಕರುಳಿಗೆ ಉಜ್ಜುತ್ತಾ ಉಜ್ಜುತ್ತಾ, ಅಥವಾ ಅಲ್ಲಿ ಸೋಂಕು ಸೇರಿಕೊಂಡು, ಎರಡರ ಮಧ್ಯೆ ಒಂದು ತೂತು ಆಗಬಹುದು. ಡಾಕ್ಟರುಗಳು ಅದನ್ನ ಏಯಾರ್ಟೋ-ಎಂಟೆರಿಕ್ ಫಿಸ್ಟುಲಾ ಅಂತಾರೆ. ದೇಹದ ಅತಿ ಒತ್ತಡದ ರಕ್ತದ ಪೈಪಿಗೂ ಊಟ ಹೋಗೋ ಪೈಪಿಗೂ ನೇರ ಕನೆಕ್ಷನ್! ಆದರೆ ಮೊದಲ ಸಲ ಅದು ಕೊಲ್ಲೋದು ಕಮ್ಮಿ. ಸ್ವಲ್ಪ ರಕ್ತ ಬರುತ್ತೆ, ತೂತಿನ ಬಾಯಿಗೆ ರಕ್ತ ಹೆಪ್ಪುಗಟ್ಟಿ ತಾನಾಗೇ ನಿಲ್ಲುತ್ತೆ. ಹೆರಾಲ್ಡ್ ಬ್ಲೀಡ್ ಅಂತ ಅದರ ಹೆಸರು. ಯಮ ಬರೋದಕ್ಕೆ ಮುಂಚೆ ಡಂಗುರ ಸಾರೋನು ಬಂದ ಹಾಗೆ. ಗಂಟೆಗಳೋ, ದಿನಗಳೋ, ಕೆಲವೊಮ್ಮೆ ವಾರಗಳೋ ಬಿಟ್ಟು ಅಸಲಿ ರಕ್ತಸ್ರಾವ ಆಗುತ್ತೆ.

ಮಾವನಿಗೆ ಸಿಕ್ಕಿದ್ದು ಆರು ದಿನ. ಆ ಆರು ದಿನದಲ್ಲಿ ಮೂರು ದಿನ ಆಸ್ಪತ್ರೆಯಲ್ಲೇ ಇದ್ದರು, ಅಸಿಡಿಟಿ ಮಾತ್ರೆ ನುಂಗುತ್ತಾ. ಪಟ್ಟಣದ ಡಾಕ್ಟರನ್ನ ಬಯ್ಯೋದು ಸುಲಭ, ನಾನೂ ಮನಸ್ಸಲ್ಲಿ ಬೇಕಾದಷ್ಟು ಬಯ್ದೆ. ಆದರೆ ಮಾಮೂಲಿ ಎಂಡೋಸ್ಕೋಪಿ ಡುವೋಡಿನಮ್ಮಿನ ಎರಡನೇ ತುಂಡಿನವರೆಗೆ ಹೋಗಿ ವಾಪಸ್ ಬರುತ್ತೆ. ತೂತು ಸಾಮಾನ್ಯವಾಗಿ ಇರೋದು ಮೂರು, ನಾಲ್ಕನೇ ತುಂಡಿನಲ್ಲಿ. ಅಲ್ಲಿ ನೋಡಬೇಕು ಅಂತ ಹೊಳೆಯಬೇಕಾದರೆ ಒಳಗೆ ಗ್ರಾಫ್ಟ್ ಇದೆ ಅಂತ ಗೊತ್ತಿರಬೇಕು. ಹೊಟ್ಟೆ ನೋವು, ರಕ್ತ, ಮುಟ್ಟಿದರೆ ಮಿಡಿಯೋ ಗಡ್ಡೆ, ಈ ಮೂರೂ ಒಟ್ಟಿಗೆ ಸಿಕ್ಕರೆ ಸುಲಭ ಅಂತ ಪುಸ್ತಕ ಹೇಳುತ್ತಂತೆ, ಮೂರೂ ಒಟ್ಟಿಗೆ ಸಿಗೋದು ತೀರಾ ಕಮ್ಮಿ ಜನರಲ್ಲಿ. ಹಾಗಾಗಿ ಇಲ್ಲಿ ಡಯಾಗ್ನೋಸಿಸ್ ಅನ್ನೋದು ಅರ್ಧಕ್ಕರ್ಧ ಒಂದೇ ಪ್ರಶ್ನೆ, "ಇವರಿಗೆ ಹಿಂದೆ ಏಯಾರ್ಟಾ ಆಪರೇಷನ್ ಆಗಿದೆಯಾ?" ಆ ಪ್ರಶ್ನೆಯನ್ನ ಅವರು ಕೇಳಲಿಲ್ಲ ಅನ್ನೋದು ಅವರ ತಪ್ಪು. ಕೇಳಿದ್ದರೂ ಉತ್ತರ ನಮ್ಮ ಹತ್ತಿರ ಇರಲಿಲ್ಲ ಅನ್ನೋದು ಯಾರ ತಪ್ಪು?

ಇಲ್ಲಿಂದ ನನ್ನ ಜಗಳ ಶುರು.

ಮೊದಲು ಆ ಮೂರು ವರ್ಷ. ರೆಕಾರ್ಡ್ ಸೆಕ್ಷನ್ನಿನವರು ಸುಳ್ಳು ಹೇಳಿರಲಿಲ್ಲ. ಮೆಡಿಕಲ್ ಕೌನ್ಸಿಲ್ಲಿನ 2002ರ ನಡಾವಳಿ ನಿಯಮದಲ್ಲಿ ಹಾಗೇ ಇದೆ. ಒಳರೋಗಿಗಳ ದಾಖಲೆಯನ್ನ ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳೇ ಅದನ್ನ ತಡೆಹಿಡಿದು ಹಳೇದನ್ನೇ ಮುಂದುವರಿಸಿದರು. ಸ್ವಾಮಿ, ಮೂರು ವರ್ಷ ಯಾಕೆ? ನೆಗಡಿಗೆ ಮೂರು ವರ್ಷ ಜಾಸ್ತಿಯಾಯಿತು. ಆದರೆ ಮನುಷ್ಯ ಸಾಯೋವರೆಗೂ ಇರೋ ಬಟ್ಟೆಯ ಪೈಪನ್ನ ಹೊಟ್ಟೆಯಲ್ಲಿ ಹೊಲಿದು, ಅದರ ಕಾಗದ ಮಾತ್ರ ಮೂರೇ ವರ್ಷಕ್ಕೆ ರದ್ದಿಗೆ ಹಾಕಬಹುದು ಅನ್ನೋದು ಯಾವ ನ್ಯಾಯ? ಈ ತೂತು ಆಪರೇಷನ್ನಾದ ಕೆಲವೇ ತಿಂಗಳಿಗೂ ಆಗಬಹುದು, ಹತ್ತಿಪ್ಪತ್ತು ವರ್ಷಕ್ಕೂ ಆಗಬಹುದು. ಮಾವನ ದಾಖಲೆ 2021ಕ್ಕೇ ನಿಯಮದ ಪ್ರಕಾರ ಸತ್ತುಹೋಯಿತು. ಪೈಪು ಮಾತ್ರ ಬಡಿಯುತ್ತಾ ಇತ್ತು.

ನಮ್ಮ ಆಫೀಸಿನಲ್ಲಿ ಯಾವನೋ ಬರೆದು ಬಿಟ್ಟುಹೋದ ಹಳೇ ಕೋಡಿಗೆ ಡಾಕ್ಯುಮೆಂಟೇಷನ್ ಇಲ್ಲ ಅಂತ ನಾವು ಎಷ್ಟು ಹಾರಾಡ್ತೀವಿ ನೋಡಿ. ಹತ್ತು ವರ್ಷದ ಹಿಂದೆ ಯಾರು ಯಾವ ಸಾಲು ಬದಲಾಯಿಸಿದರು ಅಂತ ಒಂದು ಕಮ್ಯಾಂಡ್ ಹೊಡೆದರೆ ಸಿಗುತ್ತೆ. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಇರೋ ಭಾಗ್ಯ ಮನುಷ್ಯನ ಏಯಾರ್ಟಾಗೆ ಇಲ್ಲ. ಸ್ಟೋರೇಜ್ ದುಬಾರಿ ಅನ್ನಬೇಡಿ, ಒಂದು ಡಿಸ್ಚಾರ್ಜ್ ಸಮ್ಮರಿ ಸ್ಕ್ಯಾನ್ ಮಾಡಿದರೆ ನೀವು ಬೆಳಗ್ಗೆ ಕಳಿಸೋ ಗುಡ್ ಮಾರ್ನಿಂಗ್ ಫೋಟೋದಷ್ಟೂ ಜಾಗ ಹಿಡಿಯಲ್ಲ. "ಈಗ ಆಯುಷ್ಮಾನ್ ಡಿಜಿಟಲ್ ಮಿಷನ್ ಬಂದಿದೆಯಲ್ಲಾ" ಅಂತ ಒಬ್ಬ ಗೆಳೆಯ ಹೇಳಿದ. ಬಂದಿದೆ, 2021ರಲ್ಲಿ. ಅದಕ್ಕೂ ಮುಂಚಿನ ಕಾಗದಗಳು ನಾಗಂದಿಗೆಯಿಂದ ತಾವಾಗೇ ಇಳಿದು ಬಂದು ಅಪ್‌ಲೋಡ್ ಆಗಲ್ಲ.

ಎರಡನೇ ಜಗಳ ಆ ಹಾಳೆಯ ಜೊತೆ. ಮಾವ ಹುಷಾರಾದ ಮೇಲೆ ಅದನ್ನ ನಿಧಾನವಾಗಿ ಓದಿದೆ. ಎರಡನೇ ಹಾಳೆಯ ಕೊನೆಯಲ್ಲಿ ಆರು ಮಾತ್ರೆಗಳ ಹೆಸರು, ಯಾವಾಗ ಮತ್ತೆ ಬರಬೇಕು, ಉಪ್ಪು ಎಣ್ಣೆ ಕಮ್ಮಿ, ಭಾರ ಎತ್ತಬಾರದು. ದಪ್ಪಕ್ಷರದಲ್ಲಿ ಇದ್ದಿದ್ದು ಅಪಾಯಿಂಟ್‌ಮೆಂಟಿನ ಫೋನ್ ನಂಬರು. ರಕ್ತ ವಾಂತಿಯಾದರೆ, ಮಲ ಕಪ್ಪಾದರೆ ಓಡಿ ಬನ್ನಿ ಅಂತ ಎಲ್ಲೂ ಇಲ್ಲ. ಇಂಗ್ಲಿಷಿನಲ್ಲೂ ಇಲ್ಲ, ಕನ್ನಡದಲ್ಲಂತೂ ಬಿಡಿ.

ಪರಿಚಯದ ಒಬ್ಬ ಡಾಕ್ಟರ ಹತ್ತಿರ ಈ ವಿಷಯಕ್ಕೆ ವಾದ ಮಾಡಿದೆ. ಅವರು ಒಳ್ಳೆಯವರು, ಅವರ ಮಾತನ್ನ ತಿರುಚದೆ ಬರೀತೀನಿ. "ನೂರು ಜನಕ್ಕೆ ಹೆಚ್ಚೆಂದರೆ ಒಬ್ಬಿಬ್ಬರಿಗೆ ಆಗೋ ವಿಷಯ. ಎಲ್ಲರಿಗೂ ಹೇಳಿದರೆ ಉಳಿದ ತೊಂಬತ್ತೆಂಟು ಜನ ಜೀವನಪೂರ್ತಿ ಹೆದರಿಕೊಂಡು ಕೂರ್ತಾರೆ. ಆಪರೇಷನ್ನಿಗೇ ಒಪ್ಪಲ್ಲ, ಉಬ್ಬು ಒಡೆದು ಸಾಯ್ತಾರೆ." ಮಾತಿನಲ್ಲಿ ಸತ್ಯ ಇಲ್ಲ ಅನ್ನಲ್ಲ. ಪೈಪು ಹಾಕದಿದ್ದರೆ ಮಾವ 2018ರಲ್ಲೇ ಹೋಗ್ತಿದ್ದರೇನೋ. ಹಾಕಿದ ಡಾಕ್ಟರಿಗೆ ಕೈ ಮುಗೀತೀನಿ. ಆದರೆ ಹೆದರಿಕೊಳ್ತಾರೆ ಅನ್ನೋ ವಾದ ನನಗೆ ಹಿಡಿಸಲ್ಲ. ಹಳ್ಳಿಯವರಿಗೆ ಹಾವು ಗೊತ್ತು, ಕರೆಂಟ್ ವೈರು ಗೊತ್ತು, ಹೆದರಿ ಮನೆಯಲ್ಲಿ ಕೂತಿದಾರಾ? ಮತ್ತೆ ಆ ಒಬ್ಬಿಬ್ಬರ ಲೆಕ್ಕ. ಸುಮ್ಮನೆ ಬಿಟ್ಟರೆ ಬದುಕಿ ಉಳಿಯೋರು ಇಲ್ಲವೇ ಇಲ್ಲ ಅನ್ನಬಹುದು, ಆಪರೇಷನ್ ಮಾಡಿದರೂ ಮೂರರಲ್ಲೊಬ್ಬರಿಂದ ಹಿಡಿದು ಅರ್ಧದಷ್ಟು ಜನ ಉಳಿಯಲ್ಲ. ಇಂಥದ್ದರಲ್ಲಿ ಡಂಗುರದವನು ಬಂದಾಗ ಗುರುತು ಹಿಡಿಯೋದೊಂದೇ ನಮ್ಮ ಕೈಯಲ್ಲಿರೋದು. ಅದನ್ನೂ ಹೇಳಲ್ಲ ಅಂದರೆ?

ಮೂರನೆಯದು ನಮ್ಮ ಮೇಲೆ. ಹೌದು, ಇದನ್ನ ಓದ್ತಿರೋ ನಿಮ್ಮ ಮೇಲೂ. ಏಯಾರ್ಟಾಗೆ ಮಹಾಪಧಮನಿ ಅನ್ನಬೇಕೋ, ಹೆನ್ನೆತ್ತರಗೊಳವೆ ಅಂತ ಕಟ್ಟಬೇಕೋ, ಸಂಸ್ಕೃತ ಬೇಕೋ ಬೇಡವೋ, ಮಹಾಪ್ರಾಣ ಕಿತ್ತು ಹಾಕಬೇಕೋ ಅಂತ ಇಂಟರ್ನೆಟ್ಟಿನಲ್ಲಿ ನಾವು ಎಷ್ಟು ರಾತ್ರಿ ಕಳೆದಿಲ್ಲ! ನಾನೂ ಒಂದು ಸಲ ನೂರು ಕಾಮೆಂಟು ದಾಟಿಸಿದ್ದೀನಿ, ಹೆಮ್ಮೆಯಿಂದ :) ಅಷ್ಟು ಹೊತ್ತಲ್ಲಿ ಒಬ್ಬರಾದರೂ ನಮ್ಮ ಅಜ್ಜಿಯ ಒಂದು ಡಿಸ್ಚಾರ್ಜ್ ಸಮ್ಮರಿಯನ್ನ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಟ್ಟಿದ್ದೀವಾ? ಪದ ಇಲ್ಲ ಅನ್ನೋದು ನೆಪ. ಅನುಪಮಾ ನಿರಂಜನ ಅವರು ಡಾಕ್ಟರಾಗಿದ್ದುಕೊಂಡೇ 'ಕೇಳು ಕಿಶೋರಿ' ಬರೆದರು, ನಮ್ಮಮ್ಮನ ಕಾಲದ ಹುಡುಗಿಯರು ಬಚ್ಚಿಟ್ಟುಕೊಂಡು ಓದಿದರು, ಯಾರಿಗೂ ಪದ ಸಾಲದೇ ಬರಲಿಲ್ಲ. ಅತ್ತೆಗೆ ಬೇಕಾಗಿದ್ದಿದ್ದು ಪದಕೋಶ ಅಲ್ಲ. "ಹೊಟ್ಟೇಲಿ ದೊಡ್ಡ ರಕ್ತದ ನರಕ್ಕೆ ಬಟ್ಟೆ ಪೈಪು ಹಾಕವ್ರೆ" ಅನ್ನೋ ಒಂದು ವಾಕ್ಯ. (ನರ ಅನ್ನೋದು ತಪ್ಪು, ರಕ್ತನಾಳ ಅನ್ನಬೇಕು ಅಂತ ಕಾಮೆಂಟ್ ಹಾಕೋರಿಗೆ ಮುಂಚಿತವಾಗೇ ನಮಸ್ಕಾರ. ಊರಲ್ಲಿ ಅದಕ್ಕೆ ನರ ಅಂತಲೇ ಅನ್ನೋದು, ಅತ್ತೆಗೆ ಅರ್ಥ ಆಗುತ್ತೆ.)

ಈಗ ಎಲ್ಲಕ್ಕಿಂತ ಹೇಳೋಕೆ ಕಷ್ಟ ಆಗೋದು.

2018ರಲ್ಲಿ ಮಾವ ಡಿಸ್ಚಾರ್ಜ್ ಆದ ದಿನ ನಾನು ಅಲ್ಲೇ ಇದ್ದೆ. ಇಂಜಿನಿಯರಿಂಗ್ ಕೊನೇ ವರ್ಷ, ಕ್ಯಾಂಪಸ್ಸಿನಲ್ಲಿ ಕೆಲಸ ಬೇರೆ ಆಗಿತ್ತು, ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೇ. ಅತ್ತೆ ಆ ಕಾಗದಗಳನ್ನ ಎರಡು ಕೈಯಲ್ಲಿ ಹಿಡಿದು ನನಗೆ ಕೊಟ್ಟು, "ಏನು ಬರದವ್ರೆ ನೋಡಪ್ಪ" ಅಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಫೋನು ಹಿಡಿದುಕೊಂಡು, ಎರಡು ಹಾಳೆ ತಿರುವಿದೆ. ಡೇಕ್ರಾನ್ ಅಂದರೆ ಏನು ಅಂತ ಹುಡುಕಿ ನೋಡೋಕೆ ಹತ್ತು ಸೆಕೆಂಡು ಸಾಕಿತ್ತು. ಹುಡುಕಲಿಲ್ಲ. "ಎಲ್ಲಾ ಸರಿಯಾಗಿದೆ ಅಂತ ಬರೆದಿದಾರೆ ಅತ್ತೆ, ಈ ಮಾತ್ರೆ ತಗೋಬೇಕಂತೆ" ಅಂದೆ. ಅತ್ತೆ ನಂಬಿದರು. ಸರಿಯಾಗಿದೆ ಅಂದ ಮೇಲೆ ಆ ಕಾಗದಕ್ಕೆ ಏನು ಬೆಲೆ? ಟ್ರಂಕಿಗೆ ಹೋಯಿತು. ಮೊದಲನೇ ಹಾಳೆಯಲ್ಲಿ ಏನಿತ್ತು ಅಂತ ನನಗೆ ನೆನಪೇ ಇಲ್ಲ. ಓದಿದ್ದರೆ ತಾನೇ ನೆನಪಿರೋದು.

ಆಪರೇಷನ್ ಮಧ್ಯಾಹ್ನ ಎರಡಕ್ಕೆ ಶುರುವಾಗಿ ರಾತ್ರಿ ಒಂಬತ್ತೂವರೆಗೆ ಮುಗೀತು. ಹದಿನಾಲ್ಕು ಬಾಟಲಿ ರಕ್ತ. ನಮ್ಮ ಟೀಮಿನವರು ಒಂಬತ್ತು ಜನ ಬಂದು ಕೊಟ್ಟರು, ಅದರಲ್ಲಿ ಇಬ್ಬರಿಗೆ ಕನ್ನಡವೇ ಬರಲ್ಲ, ಮಾವನ ಹೆಸರೂ ಗೊತ್ತಿರಲಿಲ್ಲ. ಮೊದಲು ಹೊಟ್ಟೆ ತೆಗೆದು ಏಯಾರ್ಟಾಗೆ ಮೇಲಿಂದ ಕ್ಲ್ಯಾಂಪ್ ಹಾಕಿ ರಕ್ತ ನಿಲ್ಲಿಸಿದರಂತೆ. ಸೋಂಕಾದ ಹಳೇ ಪೈಪು ಪೂರ್ತಿ ತೆಗೆದು, ಏಯಾರ್ಟಾದ ತುದಿ ಹೊಲಿದು ಮುಚ್ಚಿ, ಅದರ ಮೇಲೆ ಹೊಟ್ಟೆಯೊಳಗಿನ ಕೊಬ್ಬಿನ ಪದರ ಹೊದಿಸಿ, ಕರುಳಿನ ತೂತು ಹೊಲಿದರು. ಕಾಲಿಗೆ ರಕ್ತ ಹೋಗಬೇಕಲ್ಲ, ಅದಕ್ಕೆ ಬಲಗಡೆ ಕಂಕುಳ ಹತ್ತಿರದ ರಕ್ತನಾಳದಿಂದ ಚರ್ಮದ ಕೆಳಗೇ ಹೊಸ ಪೈಪು ಇಳಿಸಿ ಎರಡೂ ತೊಡೆ ಸಂದಿಗೆ ಜೋಡಿಸಿದರು. ಮನೆಗೆ ನೀರಿನ ಲೈನ್ ಕೆಟ್ಟರೆ ಗೋಡೆ ಹೊರಗಿಂದ ಪೈಪ್ ಎಳೆದ ಹಾಗೆ. ಹೊಲಿದು ಮುಚ್ಚಿದ ಆ ತುದಿ ಮುಂದೆ ಬಿಟ್ಟುಕೊಂಡರೆ ಅನ್ನೋ ಭಯ ಇನ್ನೂ ಇದೆ, ಸರ್ಜನ್ ಅದನ್ನ ಮುಚ್ಚಿಡದೆ ಹೇಳಿದರು. ನನಗೆ ಅದೇ ಸಮಾಧಾನ ಕೊಟ್ಟಿದ್ದು.

ಮಾವ ಐಸಿಯುನಲ್ಲಿ ಹನ್ನೊಂದು ದಿನ, ವಾರ್ಡಿನಲ್ಲಿ ಮೂರು ವಾರ ಇದ್ದರು. ತೂಕ ಅರ್ಧಕ್ಕರ್ಧ ಇಳಿದ ಹಾಗೆ ಕಾಣ್ತಾರೆ. ಬಲಪಕ್ಕೆಯ ಮೇಲೆ ಕೈ ಇಟ್ಟರೆ ಚರ್ಮದ ಕೆಳಗೆ ಪೈಪು ಮಿಡಿಯೋದು ಗೊತ್ತಾಗುತ್ತೆ. ಆ ಮಗ್ಗುಲಿಗೆ ಮಲಗೋ ಹಾಗಿಲ್ಲ, ಸೊಂಟಕ್ಕೆ ಬಿಗಿಯಾಗಿ ಏನೂ ಕಟ್ಟೋ ಹಾಗಿಲ್ಲ. ಉಡಿದಾರ ಕತ್ತರಿಸಿದಾಗ ಮಾತ್ರ ಮಾವ ಅತ್ತರು, ಆಪರೇಷನ್ನಿಗೂ ಅತ್ತಿರಲಿಲ್ಲ.

ಈ ಸಲ ಡಿಸ್ಚಾರ್ಜ್ ದಿನ ನಾನು ಸಮ್ಮರಿ ಹಿಡಿದುಕೊಂಡು ಸರ್ಜನ್ ಎದುರು ನಲವತ್ತು ನಿಮಿಷ ಕೂತೆ. ಪ್ರತಿ ಸಾಲೂ ಕೇಳಿದೆ. ಅವರೂ ಹೇಳಿದರು, ಸಮಯ ಇಲ್ಲ ಅನ್ನಲಿಲ್ಲ. ರಾತ್ರಿ ಕೂತು ಇದನ್ನ ಬರೆದೆ, ಬೆಳಗ್ಗೆ ಅವರಿಗೆ ತೋರಿಸಿ ತಿದ್ದಿಸಿದೆ:

"ಇವರ ಹೊಟ್ಟೆಯ ದೊಡ್ಡ ರಕ್ತನಾಳವನ್ನು (ಏಯಾರ್ಟಾ) ಹೊಲಿದು ಮುಚ್ಚಿದೆ. ಬಲಕಂಕುಳಿಂದ ಎರಡೂ ಕಾಲಿಗೆ ಚರ್ಮದ ಕೆಳಗೆ ಬಟ್ಟೆಯ ಪೈಪು ಇದೆ. ಎಷ್ಟೇ ವರ್ಷ ಆಗಿರಲಿ, ರಕ್ತ ವಾಂತಿಯಾದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ಕಾರಣವಿಲ್ಲದೆ ಜ್ವರ ಬರುತ್ತಿದ್ದರೆ, ಕಾಲು ತಣ್ಣಗಾದರೆ, ಒಂದು ಸಲ ಆಗಿ ತಾನಾಗೇ ನಿಂತಿದ್ದರೂ ಸರಿ, ಅದೇ ದಿನ ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಚೀಟಿ ತೋರಿಸಿ."

ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ, ಡಾಕ್ಟರುಗಳಿಗೋಸ್ಕರ. ಆಪರೇಷನ್ ದಿನಾಂಕ, ಪೈಪಿನ ಅಳತೆ, ನನ್ನ ನಂಬರು. ಲ್ಯಾಮಿನೇಷನ್ನಿಗೆ ಮೂವತ್ತು ರೂಪಾಯಿ. ನಾಲ್ಕು ಪ್ರತಿ ಮಾಡಿಸಿದೆ. ಒಂದು ಮಾವನ ಜೇಬಲ್ಲಿ, ಒಂದು ಅತ್ತೆಯ ಹತ್ತಿರ ರೇಷನ್ ಕಾರ್ಡಿನ ಜೊತೆ, ಒಂದು ಅವರ ಮಗಳ ಹತ್ತಿರ, ಒಂದು ನನ್ನ ಪರ್ಸಿನಲ್ಲಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಗ್ರಾಫ್ಟು, ಸ್ಟೆಂಟು, ವಾಲ್ವು ಏನಾದರೂ ಹಾಕಿದ್ದರೆ ಈ ಭಾನುವಾರ ನಾಗಂದಿಗೆ ಹತ್ತಿ. ಕಾಗದ ಇಲ್ಲದಿದ್ದರೆ, ಮೂರು ವರ್ಷ ಇನ್ನೂ ಆಗಿಲ್ಲದಿದ್ದರೆ, ಸೋಮವಾರವೇ ಆಸ್ಪತ್ರೆಗೆ ಬರೆದು ಕೇಳಿ, 72 ಗಂಟೆಯ ನಿಯಮ ನಿಮ್ಮ ಕಡೆ ಇದೆ. ಇಂಗ್ಲಿಷ್ ಅರ್ಥ ಆಗದಿದ್ದರೆ ಹೆಸರು, ವಿಳಾಸ ಮರೆಮಾಡಿ ನನಗೆ ಮೇಲ್ ಮಾಡಿ. ನಾನು ಡಾಕ್ಟರಲ್ಲ, ಹಾಗಾಗಿ ಕನ್ನಡದಲ್ಲಿ ಬರೆದುಕೊಡ್ತೀನಿ, ತಿದ್ದಿಸೋದು ನಿಮ್ಮ ಡಾಕ್ಟರ ಹತ್ತಿರ. ಓದುಗರಲ್ಲಿ ಡಾಕ್ಟರುಗಳಿದ್ದರೆ, ಇಬ್ಬರಿದ್ದೀರಿ ಅಂತ ಗೊತ್ತು, ಸುಮ್ಮನೆ ಓದಿಕೊಂಡು ಹೋಗಬೇಡಿ, ಕೈ ಹಾಕಿ.

ಮೊನ್ನೆ ಊರಿಗೆ ಹೋಗಿದ್ದಾಗ ಅತ್ತೆ ಆ ಚೀಟಿ ತೆಗೆದು ಮತ್ತೆ ಓದಿಸಿಕೊಂಡರು. ಪೂರ್ತಿ ಕೇಳಿ, "ಹೋದ್ ಸಲಾನೂ ಇಂಗೇ ಬರ್ದಿತ್ತೇನಪ್ಪಾ?" ಅಂದರು.

ಇಲ್ಲ ಅತ್ತೆ ಅಂದೆ.